ಖಂಡೇನವಮಿಯ ದಿನ ಒತ್ತಿದ ಗುಂಡಿ

"ಇನ್ನೊಮ್ಮೆ ಒತ್ರಿ," ಎಂದ ಫೌಜದಾರ.

ದುರ್ಗಾ ಒತ್ತಿದಳು. ಠಾಣೆಯ ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಚುಚ್ಚಿದ್ದ ಕೀಬೋರ್ಡಿನ ಎಡಗಡೆಯ ಕೆಳಮೂಲೆಯ ಕಂಟ್ರೋಲ್ ಗುಂಡಿ ಅದು. ಒತ್ತಿದ ಕೂಡಲೇ ಬಲಗಡೆಯ ಮೇಲ್ಮೂಲೆಯಲ್ಲಿ ಹಸಿರು ದೀಪ ಹತ್ತಿತು. ನಿಜವಾಗಿ ಆ ದೀಪ ಹತ್ತಬೇಕಾದದ್ದು ಕ್ಯಾಪ್ಸ್ ಲಾಕ್ ಒತ್ತಿದಾಗ. ಆದರೆ ಕ್ಯಾಪ್ಸ್ ಒತ್ತಿದರೆ ದೀಪ ಹತ್ತಲಿಲ್ಲ. ಅದನ್ನು ಹಿಡಿದುಕೊಂಡು ಜೊತೆಗೆ ‘ಎ’ ಒತ್ತಿದಾಗ ತೆರೆಯ ಮೇಲಿದ್ದ ಬರಹವೆಲ್ಲ ಒಮ್ಮೆಲೇ ನೀಲಿಯಾಯಿತು. ಇಡೀ ಪುಟವನ್ನು ಹಾಗೆ ಒಟ್ಟಿಗೆ ಹಿಡಿಯುವುದು ಕಂಟ್ರೋಲಿನ ಕೆಲಸ. ಎರಡೂ ಗುಂಡಿಗಳು ತಮ್ಮ ಕೆಲಸ ಅದಲುಬದಲು ಮಾಡಿಕೊಂಡಿದ್ದವು.

"ಆತಲ್ರಿ." ಫೌಜದಾರ ಕುರ್ಚಿಗೆ ಒರಗಿದ. "ಪೂಜಿಗೆಂತ ಬಟನ್ ಕಿತ್ತು ತೊಳೆದು ಹಾಕೂ ಮುಂದ ಅದಲಿಬದಲಿ ಮಾಡ್ಯಾನ. ಅಂದ್ರ ಹಬ್ಬದಾಗ ಈ ಮಷಿನ್ ಮುಟ್ಟಿದಾಂವ ಇಂವನ. ನಿಮ್ಮ ಕಕ್ಷಿದಾರನ ಮ್ಯಾಲೆ ನೀವ ಸಾಕ್ಷಿ ತಂದ ಕೊಟ್ರಿ, ವಕೀಲಬಾಯಾರ."

ಕಂಬಿಯ ಆಚೆ ಕುಕ್ಕರುಗಾಲಿನಲ್ಲಿ ಕುಳಿತಿದ್ದ ರಫೀಕ್ ತಲೆ ಎತ್ತಲಿಲ್ಲ. ಸವದತ್ತಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆ ಕೂಡಿಸುತ್ತಿದ್ದ ಹುಡುಗ. ಖಂಡೇನವಮಿಯ ಮಧ್ಯಾಹ್ನ ಅದೇ ಪ್ರೆಸ್ಸಿನ ಇದೇ ಲ್ಯಾಪ್‌ಟಾಪಿನಲ್ಲಿ ಯಾರೋ ಒಂದು ಹೊಲಸು ಕರಪತ್ರ ಹುಟ್ಟಿಸಿದ್ದರು. ಮರುದಿನ ಬೆಳಗಾಗುವುದರೊಳಗೆ ಅದು ಮನೋಳಿಯ ಓಣಿ ಓಣಿಯಲ್ಲಿ ಬಿದ್ದಿತ್ತು. ಹೆಣ್ಣುಮಕ್ಕಳ ಸಾಲೆಯ ಮುಖ್ಯಸ್ಥೆ ತಂಗೆವ್ವ ಅಕ್ಕೋರ ನಡತೆಯ ಬಗ್ಗೆ ಅದರಲ್ಲಿ ಬರೆದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಓದಿದ ನಾಲ್ಕು ಮಂದಿ ಅವರ ಮನೆಯ ಮೇಲೆ ಕಲ್ಲು ತೂರಿದರು. ಒಂದು ಕಲ್ಲು ತಲೆಗೆ ಬಿದ್ದು ಅಕ್ಕೋರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ.

ಕಲ್ಲು ತೂರಿದವರು ಚಹಾದಂಗಡಿಯಲ್ಲಿ ಕುಂತು ಚುನಮರಿ ತಿನ್ನುತ್ತಿದ್ದರು. ಒಳಗಿದ್ದವನು ರಫೀಕ್.

ಫೌಜದಾರನ ಲೆಕ್ಕ ಸರಳವಾಗಿತ್ತು. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಟ್ಟ ಹತ್ಯಾರವನ್ನು ಮರುದಿನ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ. ಕುಡುಗೋಲಿರಲಿ, ತಕ್ಕಡಿಯಿರಲಿ, ಕಂಪ್ಯೂಟರಿರಲಿ, ರೀತಿ ಒಂದೇ. ಪೂಜೆ ಇದ್ದವರು ಮುಟ್ಟಿಲ್ಲ ಎಂದಮೇಲೆ ಮುಟ್ಟಿದವನು ಪೂಜೆ ಇಲ್ಲದವನೇ. ಪ್ರೆಸ್ಸಿನ ಮುಂಬಾಗಿಲ ಚಾವಿ ಇರುವುದು ಇಬ್ಬರ ಹತ್ತಿರ, ಮಾಲೀಕ ಮತ್ತು ರಫೀಕ್. ಮಾಲೀಕನ ಮನೆ ತುಂಬ ಆವತ್ತು ಬೀಗರಿದ್ದರು. ರಫೀಕ್ ರಾಮದುರ್ಗದ ಚಿಕ್ಕಮ್ಮನ ಮನೆಗೆ ಹೋಗಿದ್ದ ಎಂದು ಹೇಳುವವರು ಅವನ ತಾಯಿ, ಚಿಕ್ಕಮ್ಮ ಇಬ್ಬರೇ. ತೀರಿತು. ಇಷ್ಟು ಲೆಕ್ಕಕ್ಕೆ ಖಾಕಿ ಬಟ್ಟೆ ಯಾಕೆ ಬೇಕೋ, ಪರಮಾತ್ಮನೇ ಬಲ್ಲ.

ದುರ್ಗಾಳಿಗೆ ಪಿತ್ತ ನೆತ್ತಿಗೇರಿತು. ಸಿಟ್ಟು ಬಂದರೆ ಅವಳ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅದು ಗೊತ್ತಿದ್ದವರು ದೂರ ಸರಿಯುತ್ತಿದ್ದರು. ಫೌಜದಾರನಿಗೆ ಗೊತ್ತಿರಲಿಲ್ಲ.

"ಸಾಹೇಬ್ರ, ಈ ಮಷಿನ್ ಪೂಜಿಗೆ ಅಣಿ ಮಾಡಿದಾಂವ ಯಾರು, ಇವರನ್ನ ಕೇಳ್ರಿ," ಎಂದಳು.

ಇವರೆಂದರೆ ಪ್ರೆಸ್ಸಿನ ಮಾಲೀಕ ಅಮೋಘಸಿದ್ದಪ್ಪ. ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಅಂಟಿದ್ದ.

"ರಫೀಕನ್ರಿ," ಎಂದ ಅವನು ನೆಲ ನೋಡುತ್ತ. "ಪ್ರತಿ ವರ್ಷಾ ಅವನ ಮಾಡತಾನ್ರಿ. ಒಂದೊಂದ ಬಟನ್ ಕಿತ್ತು, ಅಂಟವಾಳದ ನೀರಾಗ ತೊಳದು, ಪಂಚೆ ಮ್ಯಾಲೆ ಒಣಗಿಸಿ ಹಾಕತಾನ. ನಾ ಬಂದು ಕಾಯಿ ಒಡೀತೇನಿ, ಅಷ್ಟ."

"ಪೂಜಿ ಆದ ಮ್ಯಾಲೆ?"

"ಬನ್ನಿ ಮುಡಿಯೂತನಾ ನನಗೂ ಮುಟ್ಟಗೊಡೂದಿಲ್ರಿ. ಬೈತಾನ."

"ಮತ್ತ ಪೊಲೀಸರು ಇವನ್ನ ಹಿಡಕೊಂಡು ಹೋಗೂ ಮುಂದ ಈ ಮಾತ ಯಾಕ ಹೇಳಲಿಲ್ಲ? ಬಾಯಾಗ ಕಡಬು ಇಟಗೊಂಡಿದ್ರೇನ್ರಿ ಆವತ್ತ?"

ಅಮೋಘಸಿದ್ದಪ್ಪ ಟೋಪಿಯನ್ನು ಹಿಂಡಿದ. ಅಂಗಡಿಯ ಹೆಸರು ಕೆಡುತ್ತದೆ ಎಂಬ ಹೆದರಿಕೆ. ಹುಡುಗನ ಬದುಕು ಕೆಟ್ಟರೆ ಅಂಗಡಿಯ ಬಣ್ಣವೇನೂ ಹೋಗುವುದಿಲ್ಲವಲ್ಲ.

ದುರ್ಗಾ ತುರುಬಿನ ಪಿನ್ನು ತೆಗೆದಳು. ಕ್ಯಾಪ್ಸ್ ಗುಂಡಿಯ ಅಂಚಿಗೆ ತೂರಿಸಿ ಮೀಟಿದಳು, ಟಪ್ಪೆಂದು ಎದ್ದಿತು. ಕಂಟ್ರೋಲನ್ನೂ ಮೀಟಿ, ಎರಡನ್ನೂ ಫೌಜದಾರನ ಮುಂದೆ ಇಟ್ಟಳು. ಕ್ಯಾಪ್ಸ್ ಉದ್ದ, ಕಂಟ್ರೋಲ್ ಗಿಡ್ಡ.

"ಅದರ ಜಾಗಾದಾಗ ಇದನ್ನ ಕೂಡಸ್ರಿ, ನೋಡೂಣು."

ಫೌಜದಾರ ಪ್ರಯತ್ನಪಟ್ಟ. ಉದ್ದದ್ದು ಗಿಡ್ಡದ್ದರ ಜಾಗದಲ್ಲಿ ಕೂರಲಿಲ್ಲ. ಒತ್ತಿದರೆ ಪಕ್ಕದ ಗುಂಡಿಯ ಮೇಲೆ ಏರಿ ಕುಳಿತಿತು.

"ತೊಳೆದಾಂವ ತಪ್ಪ ಹಾಕಾಕ ಬರೂದ ಇಲ್ಲ," ಎಂದಳು ದುರ್ಗಾ. "ಇನ್ನ ಇದನ್ನೂ ನೋಡ್ರಿ."

ಲ್ಯಾಪ್‌ಟಾಪಿಗೆ ಚುಚ್ಚಿದ್ದ ಕೀಬೋರ್ಡಿನ ವಾಯರನ್ನು ಎಳೆದು ತೆಗೆದಳು. ಅಮೋಘಸಿದ್ದಪ್ಪ ಈ ಲ್ಯಾಪ್‌ಟಾಪನ್ನು ಹಳೆಯದು ಕೊಂಡಿದ್ದ. ಹಿಂದಿನವರು ಚಹಾ ಚೆಲ್ಲಿ ಅದರ ಸ್ವಂತ ಅಕ್ಷರದ ಗುಂಡಿಗಳು ಸತ್ತಿದ್ದವು. ಅದಕ್ಕೇ ಹೊರಗಿನ ಕೀಬೋರ್ಡು. ಆದರೆ ಅಂಚಿನ ಕೆಲವು ಗುಂಡಿಗಳಿಗೆ ಇನ್ನೂ ಜೀವವಿತ್ತು. ದುರ್ಗಾ ಲ್ಯಾಪ್‌ಟಾಪಿನ ಮೈಮೇಲಿನ ಕಂಟ್ರೋಲನ್ನೇ ಒತ್ತಿ, ಅದರದೇ ಕ್ಯಾಪ್ಸ್ ದೀಪದತ್ತ ಬೆರಳು ತೋರಿಸಿದಳು.

ಹಸಿರು ದೀಪ ಹತ್ತಿತು.

"ಇದನ್ನ ಯಾರ ತೊಳದ್ರು, ಸಾಹೇಬ್ರ? ಇದಕ್ಕ ನೀರ ಹಚ್ಚಿದ್ರ ಮಷಿನ್ನ ಸಾಯತೈತಿ. ತಪ್ಪು ಕೀಬೋರ್ಡಿನ್ಯಾಗ ಇದ್ರ ಕೀಬೋರ್ಡಿನ ಸಂಗಾಟ ಹೋಗಬೇಕಿತ್ತು. ಹೋಗಲಿಲ್ಲ. ತಪ್ಪು ಒಳಗೈತಿ. ಯಾರೋ ಬೇಕಂತನ ಕುಂತು ಎರಡೂ ಬಟನ್ ಬದಲ ಮಾಡ್ಯಾರ."

ರಫೀಕ್ ತಲೆ ಎತ್ತಿದ್ದ.

"ಬನ್ನಿ ಮುಡಿದ ಮರುದಿನಾ ಮುಂಜಾನೆ ನಾ ಅಂದಿದ್ದೆರಿ," ಎಂದ ಕಂಬಿಯ ಆಚೆಯಿಂದ. "ಗಿರಾಕಿ ಮಂದಿ ಮುಂದನ ಅಂದಿದ್ದೆ. ಕಂಟ್ರೋಲ್ ಒತ್ತಿದ್ರ ಕ್ಯಾಪ್ಸ್ ಆಗಾಕತ್ತೈತಿ, ಯಾರೋ ನನ್ನ ಬೆರಳಿಗೆ ಮಾಟಾ ಮಾಡ್ಯಾರ ಅಂತ. ಎಲ್ಲಾರೂ ನಕ್ರು."

"ಕೇಳಿದ್ರೇನ್ರಿ? ಇವನ ಬೆರಳು ಕಂಟ್ರೋಲ್ ಇದ್ದಲ್ಲೇ ಹೋಗತಾವ. ತನ್ನ ಬೆರಳಿಗೆ ತಾನ ಮುಳ್ಳ ಯಾಕ ಇಟಗೋತಾನ? ಹಬ್ಬದ ದಿನಾ ಇದರ ಮುಂದ ಕುಂತಾವರಿಗೆ ಕ್ಯಾಪ್ಸಿನ ಜಾಗಾದಾಗ ಕಂಟ್ರೋಲ್ ಬೇಕಾಗಿತ್ತು. ಅದ ರೂಢಿ ಅವರಿಗೆ. ಯಾರ ಬೆರಳು ಕೇಳದನ ಕ್ಯಾಪ್ಸಿನ ಮ್ಯಾಲೆ ಹೋಗಿ ಕುಂದರತೈತಿ, ಅವರ ಈ ಕೆಲಸಾ ಮಾಡಿದಾವರು."

ಫೌಜದಾರ ಗುಂಡಿಗಳನ್ನು ಅಂಗೈಯಲ್ಲಿ ಆಡಿಸಿದ. ಕೆಟ್ಟವನಲ್ಲ, ಮೈಗಳ್ಳ.

"ಅಂಥಾ ಬೆರಳು ನನ್ನ ಕಣ್ಣಿಗೆ ತೋರಸ್ರಿ. ನಾನ ನಿಂತು ಇಂವನ್ನ ಬಿಡಸ್ತೇನಿ. ತೋರಸಲಿಲ್ಲಂದ್ರ ನಾಳೆ ಕೋರ್ಟು, ಕೋರ್ಟಿನಿಂದ ಹಿಂಡಲಗಾ ಜೇಲು."

"ಶಾಬ್ಬಾಸ್, ದುರ್ಗಾ."

ಹಿಂದಿನ ಬಾಕಿನಲ್ಲಿ ದುರ್ಗಾಳ ಚೀಲದ ಪಕ್ಕದಿಂದ ಎದ್ದವರು ಶಂಕ್ರೆಪ್ಪ ವಕೀಲರು; ಅವಳು ವಕೀಲಿಕೆ ಮಾಡುವುದು ಇವರ ಕೈಕೆಳಗೇ. ಇಷ್ಟು ಹೊತ್ತೂ ಕಣ್ಣು ಮುಚ್ಚಿ ಕೇಳುತ್ತ ಕುಳಿತಿದ್ದರು. ಸ್ಕೂಟರಿನ ಚಾವಿಯ ಉಂಗುರ ಅವರ ಎಡಗೈಯ ಕಿರುಬೆರಳಿಗೆ ಸಿಕ್ಕಿಕೊಂಡಿತ್ತು. ಸಣ್ಣವರಿದ್ದಾಗ ಸುಟ್ಟು ಬಾಗಿದ ಬೆರಳು. ಗೋಡೆಯ ಗೂಟದ ಹಾಗೆ ಅದು ಅವರಿಗೆ ಏನನ್ನಾದರೂ ತೂಗುಹಾಕಲು ಬರುತ್ತಿತ್ತು.

"ಜಾಮೀನಿನ ಅರ್ಜಿ ನಾ ಬರದ ಇಡತೇನಿ," ಎಂದರು. "ನೀ ಆ ಬೆರಳ ಹುಡಕು."

ಹೊರಗೆ ಕಟ್ಟೆಯ ಮೇಲೆ ರಫೀಕನ ತಾಯಿ ಗೌಸಬಿ ಕುಳಿತಿದ್ದಳು. ದುರ್ಗಾಳನ್ನು ಕಂಡೊಡನೆ ಎದ್ದು, ಸೆರಗಿನ ತುದಿಯ ಗಂಟು ಬಿಚ್ಚಿ ದರ್ಗಾದ ಹಸಿರು ದಾರ ತೆಗೆದಳು. ಕೇಳದೆಯೇ ಅವಳ ಎಡ ಮುಂಗೈಗೆ ಕಟ್ಟಿದಳು.

"ನಿನ್ನ ಕೈಯಾಗ ಕೊಟ್ಟೇನವಾ ನನ್ನ ಮಗನ್ನ," ಎಂದಳು.

"ನಾಳೆ ನಿನ್ನ ಮಗಾ ಮನ್ಯಾಗ ಉಣತಾನ, ಯವ್ವಾ," ಎಂದುಬಿಟ್ಟಳು ದುರ್ಗಾ. ವಕೀಲರು ಹಾಗೆ ಮಾತು ಕೊಡಬಾರದು. ಕೊಟ್ಟಾಗಿತ್ತು.

ಬೈಲಹೊಂಗಲದ ಬಜಾರದಲ್ಲಿ, ಅರಿವೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ವಿರೂಪಾಕ್ಷನ ಕಂಪ್ಯೂಟರ್ ಕ್ಲಾಸು. ದುರ್ಗಾ ಮೆಟ್ಟಿಲು ಹತ್ತಿದ ರಭಸಕ್ಕೆ ಕೆಳಗಿನ ಅಂಗಡಿಯವನು ಹೊರಗೆ ಬಂದು ನೋಡಿದ.

ಕಂಪ್ಯೂಟರ್ ಅಂದರೆ ಏನೆಂದು ಅವಳು ಕಲಿತದ್ದೇ ಈ ಮಾಳಿಗೆಯಲ್ಲಿ. ಈ ಸುತ್ತಮುತ್ತಲಲ್ಲಿ ಮಷಿನ್ನಿನ ಹೊಟ್ಟೆಗೆ ಕೈ ಹಾಕಿ ಗುಂಡಿ ಬದಲಿಸಬಲ್ಲವನು ಯಾರು ಎಂದರೆ ಎಲ್ಲರೂ ಹೇಳುವ ಹೆಸರು ವಿರೂಪಾಕ್ಷನದು. ಸಾಲದ್ದಕ್ಕೆ ತಂಗೆವ್ವ ಅಕ್ಕೋರ ಮೇಲೆ ಅವನಿಗೆ ಹಳೆಯ ಉರಿ ಇತ್ತು. ಅವರ ಸಾಲೆಗೆ ಕಂಪ್ಯೂಟರ್ ಕಲಿಸಲು ಹೋಗಿ, ಮಷಿನ್ನುಗಳಿಗೆ ಬಟ್ಟೆ ಹೊದಿಸಿ ಹುಡುಗಿಯರಿಗೆ ಬೋರ್ಡಿನ ಮೇಲೆ ಮೌಸಿನ ಚಿತ್ರ ಬರೆದು ತೋರಿಸುತ್ತಿದ್ದ. ಅಕ್ಕೋರು ಅವನನ್ನು ಎಲ್ಲರೆದುರು ಹೊರಗೆ ಹಾಕಿದ್ದರು.

ಕ್ಲಾಸು ಖಾಲಿ ಇತ್ತು. ವಿರೂಪಾಕ್ಷ ಒಬ್ಬನೇ ಕುಳಿತು ಅವಲಕ್ಕಿ ತಿನ್ನುತ್ತಿದ್ದ.

"ಬಾರವಾ ದುರ್ಗಾ. ವಕೀಲರಾದ ಮ್ಯಾಲೆ ಗುರುಗಳು ನೆನಪಾದ್ರೇನು?"

"ಖಂಡೇನವಮಿ ದಿನಾ ಎಲ್ಲಿದ್ರಿ?"

ಅವನ ಕೈ ತಟ್ಟೆಯಲ್ಲೇ ನಿಂತಿತು. "ಏನಂದಿ?"

"ಕಿವಿ ಕೇಳಸ್ತಾವಲ್ರಿ. ತಂಗೆವ್ವ ಅಕ್ಕೋರ ಮ್ಯಾಲೆ ಕರಪತ್ರ ತಯಾರ ಆದ ಮಧ್ಯಾಹ್ನ ನೀವು ಎಲ್ಲಿದ್ರಿ?"

"ಹುಚ್ಚ ಹಿಡದೈತೇನ ನಿನಗ?" ವಿರೂಪಾಕ್ಷ ಎದ್ದ. ಅವಲಕ್ಕಿ ನೆಲಕ್ಕೆ ಚೆಲ್ಲಿತು. "ನನ್ನ ಕ್ಲಾಸಿನ್ಯಾಗ ಬಂದು ನನಗ ಕಳ್ಳ ಅಂತಿ?"

"ನನಗ ‘ಸರ್’ ಅನ್ನಾಕ ನಾಲಿಗಿ ಏಳವಲ್ದು. ಅಕ್ಕೋರ ತಲಿ ಒಡದೈತಿ. ಏನೂ ಮಾಡಲಾರದ ಹುಡುಗ ಕಂಬಿ ಹಿಂದ ಅದಾನ. ಪ್ರೆಸ್ಸಿನ ಮಷಿನ್ನಿನ್ಯಾಗ ಕ್ಯಾಪ್ಸು, ಕಂಟ್ರೋಲು ಬದಲ ಮಾಡ್ಯಾರ. ಈ ವಿದ್ಯಾ ಬಲ್ಲಾವರು ಇಲ್ಲಿ ಮತ್ತ ಯಾರ ಅದಾರ, ಹೇಳ್ರಿ!"

"ಆಕಿ ಮ್ಯಾಲೆ ನನಗ ಸಿಟ್ಟ ಐತಿ. ಇಲ್ಲಂತ ನಾ ಯಾಕ ಹೇಳಲಿ? ಮಂದಿ ಮುಂದ ನನ್ನ ಮರ್ಯಾದಿ ತಗದಾಳ. ಆದ್ರ ಹೆಣ್ಣಮಗಳ ಹೆಸರ ಕೆಡಸೂ ಅಷ್ಟು ನೀಚ ನಾ ಅಲ್ಲ."

"ಬಾಯಿ ಮಾತ ಬ್ಯಾಡ. ಕುಂತ್ರಿ. ಬರೀರಿ."

"ಏನ ಬರೀಲಿ?"

"ಏನರ ಬರೀರಿ. ಬರದು ಅಳಸ್ರಿ. ಅಳಿಸಿದ್ದು ಮತ್ತ ತರಸ್ರಿ. ನನ್ನ ಮಾರಿ ನೋಡಕೋತ ಬರೀಬೇಕು."

ವಿರೂಪಾಕ್ಷ ಹಲ್ಲು ಕಡಿಯುತ್ತ ಕುಳಿತ. ಅವಳನ್ನೇ ದಿಟ್ಟಿಸುತ್ತ ಬೆರಳು ಓಡಿಸಿದ. ಸೊಕ್ಕಿನ ಮನುಷ್ಯ, ಆದರೆ ಕೈ ಹೂವಿನಂತೆ ಓಡುತ್ತಿತ್ತು. ದುರ್ಗಾ ಅವನ ಮುಖ ನೋಡಲಿಲ್ಲ, ಎಡಗೈಯ ಕಿರುಬೆರಳು ನೋಡಿದಳು. ಕಂಟ್ರೋಲ್ ಬೇಕಾದಾಗಲೆಲ್ಲ ಅದು ಕೆಳಮೂಲೆಗೇ ಇಳಿಯಿತು. ಒಮ್ಮೆಯೂ ಕ್ಯಾಪ್ಸಿನ ಕಡೆ ಹೊರಳಲಿಲ್ಲ.

ಇವನಲ್ಲ. ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ದುರ್ಗಾ ಪಕ್ಕದ ಬಾಕಿನ ಮೇಲೆ ಕುಸಿದಳು.

"ಆತೇನ ಸಮಾಧಾನ?" ಎಂದ ವಿರೂಪಾಕ್ಷ. "ಆ ದಿನಾ ನಾ ಕಿತ್ತೂರಾಗ ಅಕ್ಕನ ಮನ್ಯಾಗ ಇದ್ದೆ. ಓಣಿ ಮಂದಿನೆಲ್ಲಾ ಕೇಳು, ಹೋಗು." ಆಮೇಲೆ ಅವನೇ ಮುಂದುವರಿಸಿದ. "ಬದಲ ಮಾಡಿದ್ದು ಇನ್ನೂ ಹಂಗ ಐತೇನು? ಮಷಿನ್ ಬಂದ್ ಮಾಡಿ ಚಾಲೂ ಮಾಡಿದ್ರೂ?"

"ಹಂಗ ಐತಿ."

"ಐತಿ. ಇರೂದ. ಒಮ್ಮೆ ಕುಂತ್ರ ಅದು ಕುಂತಂಗ. ಫ್ಲಾಪಿ ತಗದ್ರ ಬದಲಿ ತಾನ ಹೋಗತೈತಿ ಅಂತ ತಿಳಕೊಂಡಿರತಾರ ಅವರು."

ದುರ್ಗಾ ತಲೆ ಎತ್ತಿದಳು. "ಯಾವ ಫ್ಲಾಪಿ? ಅವರಂದ್ರ ಯಾರು?"

ವಿರೂಪಾಕ್ಷನ ಮುಖದ ಬಣ್ಣ ಇಳಿಯಿತು. ಬಾಯಿಂದ ಬಿದ್ದ ಮಾತು, ಹೆಕ್ಕಿಕೊಳ್ಳಲು ಬರುವಂತಿರಲಿಲ್ಲ.

"ಏನಿಲ್ಲ. ಹಂಗ ಅಂದೆ."

"ವಿರೂಪಾಕ್ಷಪ್ಪ!" ದುರ್ಗಾ ಮೇಜು ಗುದ್ದಿದ್ದಕ್ಕೆ ನಾಲ್ಕು ಕೀಬೋರ್ಡು ಒಟ್ಟಿಗೆ ಕುಣಿದವು. "ಒಬ್ಬ ತಾಯಿ ನನ್ನ ಕೈಗೆ ದಾರಾ ಕಟ್ಯಾಳ. ಹೇಳದ ಇಲ್ಲಿಂದ ನಾ ಏಳೂದಿಲ್ಲ."

"ಹೆಸರ ಕೇಳಬ್ಯಾಡ. ಈ ಮಾಳಿಗಿ ಕೇಸು ಅವರ ಕೈಯಾಗ ಐತಿ. ಅವರು ಕೈ ಬಿಟ್ರ ನಾಳೆ ನನ್ನ ಕ್ಲಾಸು ಬೀದ್ಯಾಗ ಇರತೈತಿ." ಅವನು ಕಿಟಕಿಯ ಕಡೆ ನೋಡಿದ. "ಒಬ್ಬರಿಗಷ್ಟ ಮಾಡಿ ಕೊಟ್ಟೇನಿ, ನನ್ನಾಣಿ. ಕಂಟ್ರೋಲ್ ಇರೂ ಮೂಲಿಗೆ ಅವರ ಬೆರಳ ಮುಟ್ಟೂದಿಲ್ಲ. ಕ್ಯಾಪ್ಸಿಗಾದ್ರ ಮುಟ್ಟತೈತಿ. ಎಲ್ಲಿ ಹೋದ್ರೂ ಆ ಬದಲಿ ಹಾಕ್ಕೊಳ್ಳಾಕ ಬರಲಿ ಅಂತ ಒಂದ ಫ್ಲಾಪಿನೂ ಕೊಟ್ಟಿದ್ದೆ."

"ಮುಟ್ಟೂದಿಲ್ಲಂದ್ರ?"

ವಿರೂಪಾಕ್ಷ ಎಡಗೈ ಎತ್ತಿದ. ನಾಲ್ಕು ಬೆರಳು ನೆಟ್ಟಗೆ ಇಟ್ಟು, ಕಿರುಬೆರಳೊಂದನ್ನು ಕೊಕ್ಕೆಯ ಹಾಗೆ ಬಾಗಿಸಿ ಹಿಡಿದ.

ದುರ್ಗಾಳಿಗೆ ಆ ಕೊಕ್ಕೆಗೆ ತೂಗುಬಿದ್ದ ಸ್ಕೂಟರಿನ ಚಾವಿ ಕೂಡ ಕಂಡಿತು.

"ಸುಳ್ಳಾ!" ಎಂದಳು. "ಸುಳ್ಳ ಹೇಳತೀರಿ ನೀವು!"

"ಸುಳ್ಳಾದ್ರ ಹೋಗಿ ಅವರ ಮಷಿನ್ ಒತ್ತಿ ನೋಡು," ಎಂದ ವಿರೂಪಾಕ್ಷ, ಚೆಲ್ಲಿದ ಅವಲಕ್ಕಿ ಬಳಿಯಲು ಬಗ್ಗುತ್ತ.

ಸವದತ್ತಿಯ ಬಸ್ಸಿನಲ್ಲಿ ಅವಳು ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. ಪಕ್ಕದ ಮುದುಕಿ "ಯಾಕವಾ, ಯಾರರ ಸತ್ತಾರೇನು?" ಎಂದು ಕೇಳಿದಳು. ದುರ್ಗಾ ಇಲ್ಲ ಎಂದು ತಲೆ ಆಡಿಸಿದಳು. ಸತ್ತಿದ್ದರೆ ಅಳಬಹುದಿತ್ತು.

ವಕೀಲಿಕೆಯ ಸನದು ಹಿಡಿದುಕೊಂಡು ಊರಿಗೆ ಬಂದ ವರ್ಷ ಅವಳು ಎಷ್ಟು ವಕೀಲರ ಮೆಟ್ಟಿಲು ಹತ್ತಿದ್ದಳೋ. ಎಲ್ಲರೂ ಮೊದಲು ಕೇಳುತ್ತಿದ್ದದ್ದು ಯಾವ ಓಣಿ ಎಂದು. ಓಣಿ ಹೇಳಿದ ಮೇಲೆ ಅವರ ಆಫೀಸಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಶಂಕ್ರೆಪ್ಪ ವಕೀಲರೊಬ್ಬರೇ ಓಣಿ ಕೇಳದೆ ಕುರ್ಚಿ ಎಳೆದು ಕೊಟ್ಟವರು. ಮನೆಯಲ್ಲಿ ಕರೆದು ಪಂಕ್ತಿಯಲ್ಲಿ ಉಣ್ಣಲು ಕೂರಿಸಿದವರು. ಅವರನ್ನು ಕಳ್ಳ ಎನ್ನುವುದಾದರೆ ತನ್ನನ್ನು ತಾನು ಏನೆಂದುಕೊಳ್ಳಬೇಕು?

ಆದರೂ ಸಿಟ್ಟಿಗೆ ಒಂದು ಗುಣವಿದೆ, ಮುಚ್ಚಿಟ್ಟದ್ದನ್ನು ಎಳೆದು ಹೊರಗೆ ಹಾಕುತ್ತದೆ. ಪ್ರೆಸ್ಸು ಇರುವುದು ಕೆಳಗೆ, ವಕೀಲರ ಆಫೀಸು ಅದೇ ಕಟ್ಟಡದ ಮೇಲೆ. ಪ್ರೆಸ್ಸಿನ ಹಿಂಬಾಗಿಲು ತೆರೆಯುವುದು ಆಫೀಸಿನ ಮೆಟ್ಟಿಲಿಗೆ. ಮಳೆ ಬಂದರೆ ಕಿಟಕಿ ಹಾಕಲಿ ಎಂದು ಅಮೋಘಸಿದ್ದಪ್ಪ ಆ ಬಾಗಿಲಿನ ಒಂದು ಚಾವಿಯನ್ನು ಮೇಲೆ ಕೊಟ್ಟಿದ್ದ; ಅದು ಒಳಕೋಣೆಯ ಮೊಳೆಗೆ ನೇತಾಡುತ್ತಿತ್ತು. ದಿನಾ ನೋಡುವ ಚಾವಿ. ನೋಡಿ ನೋಡಿ ಕಣ್ಣಿಗೆ ಕಾಣದಂತಾಗಿತ್ತು.

ಇನ್ನೊಂದು. ತಂಗೆವ್ವ ಅಕ್ಕೋರು ಬರುವ ವಾರ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರಿದ್ದರು. ಸಾಲೆಯ ಮುಂದೆ ಹುಡುಗಿಯೊಬ್ಬಳನ್ನು ಕೆಡವಿ ಹೋದ ಟಿಪ್ಪರನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಟಿಪ್ಪರು ಕಲ್ಲಿನ ಖಣಿಯ ಸಾಹುಕಾರನದು. ಆ ಸಾಹುಕಾರ ಖಂಡೇಪೂಜೆಗೆಂದು ಪೇಢೆಯ ಡಬ್ಬಿ ಹಿಡಿದುಕೊಂಡು ಇದೇ ಆಫೀಸಿನ ಮೆಟ್ಟಿಲು ಹತ್ತಿದ್ದ. ಆ ಡಬ್ಬಿಯ ಪೇಢೆಯೊಂದನ್ನು ದುರ್ಗಾ ಕೂಡ ತಿಂದಿದ್ದಳು.

ಆಫೀಸು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಶಂಕ್ರೆಪ್ಪನವರು ಇರಲಿಲ್ಲ. ಅವರಿಲ್ಲದಾಗ ಸದಾ ಕೀಲಿ ಬಿದ್ದಿರುತ್ತಿದ್ದ ಒಳಕೋಣೆ ಇವತ್ತು ತೆರೆದಿತ್ತು. ಕಂಪ್ಯೂಟರು ಕೂಡ ಚಾಲೂ ಇತ್ತು. ಆ ಕಂಪ್ಯೂಟರನ್ನು ಅವರೊಬ್ಬರೇ ಮುಟ್ಟುವುದು. ದುರ್ಗಾಳ ಕೆಲಸವೆಲ್ಲ ಹೊರಗಿನ ಟೈಪ್‌ರೈಟರಿನ ಮೇಲೆ. ಇವತ್ತೇ ಯಾಕೆ ಬಾಗಿಲು ತೆರೆದಿದೆ ಎಂದು ಬೇರೆ ದಿನವಾಗಿದ್ದರೆ ಅವಳು ಒಂದು ಗಳಿಗೆ ನಿಂತು ಕೇಳಿಕೊಳ್ಳುತ್ತಿದ್ದಳು. ಸಿಟ್ಟು ನಿಲ್ಲಗೊಡಲಿಲ್ಲ.

ತೆರೆಯ ಮೇಲೆ ರಫೀಕನ ಜಾಮೀನಿನ ಅರ್ಜಿ ಇತ್ತು. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದು ಮುಗಿಸಿದ್ದರು.

ಅವಳು ಕುರ್ಚಿಯಲ್ಲಿ ಕುಳಿತಳು. ಮೊದಲು ಕಂಟ್ರೋಲ್ ಒತ್ತಿದಳು.

ಹಸಿರು ದೀಪ ಹತ್ತಿತು.

ಕ್ಯಾಪ್ಸ್ ಹಿಡಿದು ‘ಎ’ ಒತ್ತಿದಳು. ಅರ್ಜಿಯೆಲ್ಲ ನೀಲಿಯಾಯಿತು.

"ಏನ ಹುಡಕಾಕತ್ತಿ, ದುರ್ಗಾ?"

ಶಂಕ್ರೆಪ್ಪನವರು ಅವಳ ಹಿಂದೆಯೇ ನಿಂತಿದ್ದರು. ಚಪ್ಪಲಿ ಕೈಯಲ್ಲಿತ್ತು.

"ನಿಮ್ಮ ಬೆರಳ," ಎಂದಳು ದುರ್ಗಾ. ದನಿ ಎಷ್ಟು ಇಳಿದಿತ್ತೆಂದರೆ ಅವಳಿಗೇ ಕೇಳಿಸಲಿಲ್ಲ. "ಯಾಕ ಮಾಡಿದ್ರಿ, ಸರ್? ಆ ಅಕ್ಕೋರು ನಿಮಗೇನ ಮಾಡಿದ್ರು? ಆ ಹುಡುಗ ಏನ ಮಾಡಿದ್ದ? ಪೂಜಿ ಮಾಡಿದ ಮಷಿನ್ ಮುಟ್ಟಾಂವ ಅವನ ಅಂತ ಊರ ಅನ್ನತೈತಿ, ಅದು ಗೊತ್ತಿದ್ದ ಮುಟ್ಟಿದ್ರೇನು?"

"ಕನ್ನಡಾ ಅಕ್ಷರಾ ಕೆಳಗಿನ ಮಷಿನ್ನಿನ್ಯಾಗಷ್ಟ ಅದಾವ," ಎಂದರು ಅವರು, ಪಿಸುಮಾತಿನಲ್ಲಿ, ಬೇರೆ ಯಾರದೋ ಸಂಗತಿ ಹೇಳುವವರಂತೆ. "ಇನ್ನುಳಿದದ್ದು ನಿನಗ ಬ್ಯಾಡ. ನೀ ಸಣ್ಣಾಕಿ. ಊಟಾ ಹಾಕಿದ ಮನಿ ಗಳಾ ಎಣಸಬಾರದು."

ಅವರು ಅವಳ ಭುಜದ ಮೇಲಿನಿಂದ ಕೈ ಚಾಚಿ ಒಂದೇ ಒಂದು ಗುಂಡಿ ಒತ್ತಿದರು.

ನೀಲಿ ಹೋಯಿತು. ಅರ್ಜಿಯೂ ಹೋಯಿತು. ಬಿಳಿಯ ಪುಟವಷ್ಟೇ ಉಳಿಯಿತು. ರಫೀಕನ ಹೆಸರು, ಅವನ ಪರವಾಗಿ ಬರೆದ ಮಾತು, ನಾಳೆ ಕೋರ್ಟಿಗೆ ಒಯ್ಯಬೇಕಾದ ಅಷ್ಟೂ ಒಂದೇ ಏಟಿಗೆ ಮಾಯ.

ದುರ್ಗಾ ಯೋಚಿಸಲು ಹೋಗಲಿಲ್ಲ. ಆಗಷ್ಟೇ ಕ್ಯಾಪ್ಸ್ ಒತ್ತಿದ್ದ ಕಿರುಬೆರಳು ತಾನಾಗಿಯೇ ಮತ್ತೆ ಅದರ ಮೇಲೆ ಬಿತ್ತು, ಪಕ್ಕದ ಬೆರಳು ‘ಝಡ್’ ಒತ್ತಿತು. ಅಳಿಸಿದ್ದನ್ನು ಮರಳಿ ತರುವ ದಾರಿ ಅದು. ಅರ್ಜಿ ಅಕ್ಷರ ಅಕ್ಷರವೂ ತಿರುಗಿ ಬಂದು ನಿಂತಿತು. ಕೂಡಲೇ ಕ್ಯಾಪ್ಸು, ‘ಎಸ್’. ಉಳಿಸಿಕೊಂಡಳು.

"ಅಳಸ್ರಿ ಈಗ!" ಎಂದು ಹೊರಳಿದಳು. "ಎಷ್ಟ ಸಲಾ ಅಳಸ್ತೀರಿ, ಅಷ್ಟ ಸಲಾ ತರತೇನಿ!"

ಶಂಕ್ರೆಪ್ಪನವರು ಅವಳನ್ನು ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದರು.

"ನೋಡಿದ್ರಿಲ್ಲರಿ, ಸಾಹೇಬ್ರ?" ಈಗ ಅವರ ದನಿ ಎತ್ತರವಾಗಿತ್ತು. ಅದರಲ್ಲಿ ಅಳುವೂ ಇತ್ತು. "ಬೆರಳು ಕೇಳದನ ಹೋತು."

ಹೊರಕೋಣೆಯ ಕತ್ತಲಿನಲ್ಲಿ ಶಂಕ್ರೆಪ್ಪನವರು ಮೊದಲೇ ತಂದು ನಿಲ್ಲಿಸಿದ್ದ ಫೌಜದಾರ ಬಾಗಿಲಿಗೆ ಬಂದು ನಿಂತ. ಅವನ ಕಣ್ಣು ದುರ್ಗಾಳ ಕೈಯ ಮೇಲಿತ್ತು. ಕಿರುಬೆರಳು ಇನ್ನೂ ಕ್ಯಾಪ್ಸ್ ಬಿಟ್ಟಿರಲಿಲ್ಲ.

"ಮುಂಜಾನೆ ನೀವ ಹೇಳಿದ್ರಿ, ವಕೀಲಬಾಯಾರ," ಎಂದ ಅವನು ನಿಧಾನವಾಗಿ. "ಅಂಥಾ ಬೆರಳು ಯಾರದೈತಿ, ಅವರ ಮಾಡ್ಯಾರಂತ. ನಾ ಕಣ್ಣಿಗೆ ತೋರಸ್ರಿ ಅಂದಿದ್ದೆ."

"ಸಾಹೇಬ್ರ, ಇದು ಇವರ ಮಷಿನ್! ಇವರ ಬೆರಳ ನೋಡ್ರಿ..."

"ನನ್ನ ಬೆರಳ?" ಶಂಕ್ರೆಪ್ಪನವರು ಬಾಗಿದ ಕಿರುಬೆರಳನ್ನು ದೀಪದ ಬೆಳಕಿಗೆ ಹಿಡಿದರು. "ಈ ಬೆರಳ ತಗೊಂಡು ನಾ ಟೈಪ್ ಮಾಡಲ್ಯಾ? ಇದನ್ನೆಲ್ಲಾ ನಡಸೂದು ಈಕೀನ್ರಿ. ಮಗಳಂಗ ಇಟಗೊಂಡಿದ್ದೆ."

"ಪ್ರೆಸ್ಸಿನ ಹಿಂದಿನ ಬಾಗಲದ ಚಾವಿ ಈ ಆಫೀಸಿನ್ಯಾಗ ಇರತೈತಂತಲ್ಲ," ಎಂದ ಫೌಜದಾರ. "ಅದನ್ನ ಯಾಕ ಹೇಳಲಿಲ್ರಿ ನನಗ?"

ದುರ್ಗಾ ಗೋಡೆ ನೋಡಿದಳು. ಮೊಳೆ ಇತ್ತು. ಚಾವಿ ಇರಲಿಲ್ಲ. ಅದು ಈಗ ಎಲ್ಲಿರಬಹುದು ಎಂದು ಹೊಳೆದು ಅವಳ ಕೈ ತನ್ನ ಚೀಲದ ಕಡೆ ಹೋಯಿತು. ಮುಂಜಾನೆ ಠಾಣೆಯ ಬಾಕಿನ ಮೇಲೆ, ಶಂಕ್ರೆಪ್ಪನವರ ಪಕ್ಕದಲ್ಲಿ, ಇಟ್ಟು ಎದ್ದಿದ್ದ ಚೀಲ. ಅಷ್ಟರಲ್ಲಿ ಫೌಜದಾರ ಅದನ್ನು ಎತ್ತಿಕೊಂಡಾಗಿತ್ತು.

ಅವನ ಬೆನ್ನ ಹಿಂದೆ ಗೌಸಬಿ ಇದ್ದಳು. ಅರ್ಜಿಗೆ ಹೆಬ್ಬೆಟ್ಟು ಬೇಕೆಂದು ಶಂಕ್ರೆಪ್ಪನವರೇ ಹೇಳಿ ಕರೆಸಿದ್ದರು. ಮಗ ಕೋರ್ಟಿಗೆ ಹಾಕಿಕೊಳ್ಳಲಿ ಎಂದು ಇಸ್ತ್ರಿ ಮಾಡಿಸಿದ ಅಂಗಿ ಅವಳ ತೋಳಿನ ಮೇಲಿತ್ತು.

"ಯವ್ವಾ, ನಂಬಬ್ಯಾಡ," ಎಂದಳು ದುರ್ಗಾ. "ನಿನ್ನ ಮಗನ ಅರ್ಜಿ ಅಳಿಸಿದ್ರು. ನಾ ಉಳಿಸಿದೆ."

ಗೌಸಬಿಗೆ ಇಂಗ್ಲಿಷ್ ಬಾರದು, ಅರ್ಜಿ ತಿಳಿಯದು. ಅವಳು ಕಂಡದ್ದು ಮುಂಜಾನೆ ತಾನು ದಾರ ಕಟ್ಟಿದ ಕೈಯನ್ನು, ಆ ಗುಂಡಿಯ ಮೇಲೆ. ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಬಂದಳು. ದುರ್ಗಾಳ ಮುಂಗೈ ಹಿಡಿದೆತ್ತಿ, ಗಂಟು ಬಿಚ್ಚಲು ಎರಡು ಸಲ ನೋಡಿದಳು. ಬಿಗಿಯಾಗಿತ್ತು, ಬಿಚ್ಚಿಕೊಳ್ಳಲಿಲ್ಲ.

ಆಮೇಲೆ ಬಗ್ಗಿ ಹಲ್ಲಿನಿಂದ ಕಚ್ಚಿ ಹರಿದಳು.